ಸ್ಮಾರ್ಟ್ ಬೋರ್ಡ್ ಬಂದಿದೆ, ಅಂಕಗಳು ಏಕೆ ಏರುತ್ತಿಲ್ಲ?

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ದಾನಿಗಳ ನೆರವಿನಿಂದ ಸ್ಮಾರ್ಟ್ ಬೋರ್ಡ್ ಬಂದಿದೆ, ಕೆಲಸ ಮಾಡುವ ಕೆಲವು ಕಂಪ್ಯೂಟರ್‌ಗಳೂ ಇವೆ. ಪಾಠಗಳನ್ನು ವಿಡಿಯೊದಲ್ಲಿ ತೋರಿಸುತ್ತಿದ್ದೇವೆ, ಮಕ್ಕಳು ಆಸಕ್ತಿಯಿಂದಲೇ ನೋಡುತ್ತಾರೆ. ಆದರೂ ಕಿರುಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣುತ್ತಿಲ್ಲ. ತೆರೆಯ ಮೇಲಿನ ಪಾಠವನ್ನೂ ಶಿಕ್ಷಕರ ನೇರ ಬೋಧನೆಯನ್ನೂ ಬೆರೆಸುವ ಮಿಶ್ರ ಕಲಿಕೆಯನ್ನು ಸರಿಯಾಗಿ ಆರಂಭಿಸುವುದು ಹೇಗೆ?

ಉತ್ತರ: ಶಿಕ್ಷಕರ ತರಬೇತಿ ಎಲ್ಲೇ ನಡೆದರೂ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ. ನೇರ ಉತ್ತರ ಚಿಕ್ಕದು. ಇಡೀ ವರ್ಷದ ಪಾಠಯೋಜನೆಯನ್ನು ಬದಲಿಸಲು ಹೋಗಬೇಡಿ. ಮಕ್ಕಳು ಪ್ರತಿವರ್ಷ ಎಡವುವ ಒಂದೇ ಒಂದು ಘಟಕವನ್ನು ಆರಿಸಿಕೊಳ್ಳಿ. ಅದರಲ್ಲಿ ಯಾವ ಭಾಗವನ್ನು ತೆರೆಯ ಮೇಲೆ ಮಾಡಿಸುವುದು, ಯಾವುದನ್ನು ಕೈಯಾರೆ ಮಾಡಿಸುವುದು, ಹಾಗೆ ಉಳಿಯುವ ಸಮಯದಲ್ಲಿ ನೀವು ಯಾವ ಮಕ್ಕಳ ಪಕ್ಕದಲ್ಲಿ ಕೂರುವುದು ಎಂಬ ಮೂರನ್ನೂ ಮೊದಲೇ ನಿರ್ಧರಿಸಿಕೊಳ್ಳಿ. ಮೂರನೆಯದನ್ನು ನಿರ್ಧರಿಸದೆ ಮೊದಲ ಎರಡಕ್ಕೆ ಎಷ್ಟು ಶ್ರಮಪಟ್ಟರೂ ಫಲ ಕಡಿಮೆ.

ಇಷ್ಟು ಹೇಳಿದ ಮೇಲೂ ಒಂದು ನಂಬಿಕೆ ಜಗ್ಗದೆ ನಿಂತಿರುತ್ತದೆ. ಉಪಕರಣ ಬಂದು, ಅದರಲ್ಲಿ ಒಳ್ಳೆಯ ಪಾಠ ಓಡಿದರೆ ಕಲಿಕೆ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆ ಅದು. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪೋಷಕರು, ದಾನಿಗಳು ಎಲ್ಲರಲ್ಲೂ ಇದು ಇದೆ; ತರಗತಿ ಶಾಂತವಾಗಿ ತೆರೆಯನ್ನು ನೋಡುತ್ತ ಕುಳಿತಾಗ ಶಿಕ್ಷಕರಲ್ಲೂ ಮೂಡುತ್ತದೆ. ಇದನ್ನು ಪರೀಕ್ಷಿಸಿ ನೋಡಿದವರು ಬಹಳ ಮಂದಿ ಇದ್ದಾರೆ, ಅವರಿಗೆ ಸಿಕ್ಕ ಫಲಿತಾಂಶಗಳನ್ನು ನಾವು ಗಂಭೀರವಾಗಿ ಓದಬೇಕು.

ಪೆರು ದೇಶದಲ್ಲಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್‌ಗಳನ್ನು ಹಂಚಲಾಯಿತು. 319 ಶಾಲೆಗಳನ್ನು ಒಳಗೊಂಡು 2012ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಕಂಪ್ಯೂಟರ್ ಬಳಕೆ ಬಹಳ ಹೆಚ್ಚಿದರೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಏರಲಿಲ್ಲ. ಅದು ದೂರದ ದೇಶ, ಅಲ್ಲಿ ತರಬೇತಿ ಸರಿಯಿರಲಿಲ್ಲವೇನೋ ಎನ್ನುವವರು ಗುಜರಾತಿನ ಜ್ಞಾನಶಾಲಾ ಎಂಬ ಸ್ವಯಂಸೇವಾ ಸಂಸ್ಥೆಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ನೋಡಬೇಕು. ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಅಲ್ಲಿ ಪ್ರಾಥಮಿಕ ಹಂತದ ಮಕ್ಕಳಿಗೆ ಒಂದೇ ಗಣಿತ ತಂತ್ರಾಂಶವನ್ನು ಎರಡು ರೀತಿಯಲ್ಲಿ ಕೊಟ್ಟು ನೋಡಿದರು. ಒಂದು ಕಡೆ ಶಿಕ್ಷಕರ ಪಾಠದ ಅವಧಿಯನ್ನೇ ಕಂಪ್ಯೂಟರಿಗೆ ಬಿಟ್ಟುಕೊಡಲಾಯಿತು, ಇನ್ನೊಂದು ಕಡೆ ಪಾಠವನ್ನು ಹಾಗೆಯೇ ಇಟ್ಟು ಶಾಲೆಯ ಅವಧಿಯ ಹೊರಗೆ ಕಂಪ್ಯೂಟರ್ ಅಭ್ಯಾಸ ಮಾಡಿಸಲಾಯಿತು. 2008ರಲ್ಲಿ ಹೊರಬಂದ ವರದಿಯಂತೆ ಮೊದಲ ಗುಂಪಿನ ಮಕ್ಕಳು ಕಂಪ್ಯೂಟರೇ ಇಲ್ಲದವರಿಗಿಂತ ಗಣನೀಯವಾಗಿ ಹಿಂದುಳಿದರು, ಎರಡನೆಯ ಗುಂಪಿನವರು ಮುಂದೆ ಹೋದರು. ತಂತ್ರಾಂಶ ಒಂದೇ ಆಗಿದ್ದುದರಿಂದ ತಪ್ಪನ್ನು ತಂತ್ರಾಂಶದ ಮೇಲೆ ಹೊರಿಸಲು ಬರುವುದಿಲ್ಲ. ಆ ಶಾಲೆಗಳಲ್ಲಿ ಶಿಕ್ಷಕರ ಪಾಠ ಮೊದಲಿನಿಂದಲೂ ಅಚ್ಚುಕಟ್ಟಾಗಿ ನಡೆಯುತ್ತಿತ್ತು, ಅದನ್ನು ತೆಗೆದುಹಾಕಿದ್ದೇ ನಷ್ಟಕ್ಕೆ ಕಾರಣವಾಯಿತು.

ಹಾಗಾದರೆ ತಂತ್ರಜ್ಞಾನದಿಂದ ಪ್ರಯೋಜನವೇ ಇಲ್ಲವೆ ಎಂದು ಕೇಳಬಹುದು. ಖಂಡಿತ ಇದೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶ ಬಳಸುವ, ಶಾಲೆಯ ನಂತರ ನಡೆಯುವ ಕೇಂದ್ರಗಳನ್ನು ಅಧ್ಯಯನ ಮಾಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸುಮಾರು ನಾಲ್ಕೂವರೆ ತಿಂಗಳಲ್ಲೇ ಗಣಿತ ಮತ್ತು ಹಿಂದಿ ಎರಡರಲ್ಲೂ ಸ್ಪಷ್ಟ ಪ್ರಗತಿ ಕಂಡುಬಂದಿತು. ಅಧ್ಯಯನ ಆರಂಭವಾದಾಗ ಅಲ್ಲಿನ ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದಿದ್ದರು, ಒಂಬತ್ತನೆಯ ತರಗತಿಯವರಲ್ಲಿ ಆ ಅಂತರ ನಾಲ್ಕೂವರೆ ತರಗತಿಗಳಷ್ಟಿತ್ತು. ತಂತ್ರಾಂಶವು ಪ್ರತಿ ಮಗು ನಿಜವಾಗಿ ಇದ್ದ ಹಂತವನ್ನು ಗುರುತಿಸಿ ಅಲ್ಲಿಂದಲೇ ಲೆಕ್ಕಗಳನ್ನು ಕೊಡುತ್ತಿತ್ತು. ಪ್ರತಿ ದಿನದ ತೊಂಬತ್ತು ನಿಮಿಷಗಳಲ್ಲಿ ಅರ್ಧ ಭಾಗ ಮಾತ್ರ ಕಂಪ್ಯೂಟರಿನದು, ಉಳಿದರ್ಧದಲ್ಲಿ ಬೋಧಕರು ಚಿಕ್ಕ ಗುಂಪುಗಳಿಗೆ ಕಲಿಸುತ್ತಿದ್ದರು. ಸ್ಮಾರ್ಟ್ ಬೋರ್ಡಿನ ವಿಡಿಯೊ ಎಲ್ಲರಿಗೂ ಒಂದೇ ವೇಗದಲ್ಲಿ ಒಂದೇ ಪಾಠವನ್ನು ಹೇಳುತ್ತದೆ. ಭಿನ್ನರಾಶಿಯನ್ನೇ ಸರಿಯಾಗಿ ಕಲಿಯದೆ ಹತ್ತನೆಯ ತರಗತಿಗೆ ಬಂದ ಹುಡುಗನಿಗೆ ವರ್ಗ ಸಮೀಕರಣದ ವಿಡಿಯೊ ಎಷ್ಟೇ ಸುಂದರವಾಗಿದ್ದರೂ ಅವನ ತೊಡಕು ಅಲ್ಲಿಯೇ ಇರುತ್ತದೆ.

ನಮ್ಮ ರಾಜ್ಯದ ಅನುಭವವೂ ಇದನ್ನೇ ಹೇಳುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ದೂರದರ್ಶನ ಚಂದನದಲ್ಲಿ ಪಾಠಗಳು ಪ್ರಸಾರವಾದವು. ಪಾಠವೇನೋ ಮನೆಗೆ ತಲುಪಿತು, ಆದರೆ ಸಂಶಯವನ್ನು ಕೇಳಲು ಎದುರಿಗೆ ಯಾರೂ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಆರಂಭವಾಗಿ, ಶಿಕ್ಷಕರು ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತದ್ದು ಬೇರೆ ಮಾತು. ಪ್ರಸಾರವಾದ ಪಾಠ ಮತ್ತು ಜಗಲಿಯ ಮೇಲಿನ ಶಿಕ್ಷಕರು, ಇವೆರಡೂ ಒಂದಕ್ಕೊಂದು ಹೊಂದಿಕೊಂಡಾಗ ನಡೆಯುವುದೇ ಮಿಶ್ರ ಕಲಿಕೆ.

ಈಗ ತರಗತಿಗೆ ಬರೋಣ. ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಘಟಕವನ್ನು ತೆಗೆದುಕೊಳ್ಳಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಯೋಜನೆಯಲ್ಲಿ ವಿದ್ಯುನ್ಮಂಡಲವನ್ನು ತೆರೆಯ ಮೇಲೆಯೇ ಕಟ್ಟುವ ಉಚಿತ ಅನುಕರಣೆ (ಸಿಮ್ಯುಲೇಷನ್) ಇದೆ, ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಒಂದು ಬಲ್ಬ್ ಉರಿಯುತ್ತಿರುವ ಮಂಡಲವನ್ನು ತೋರಿಸಿ, ಎರಡನೆಯ ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಏನಾಗುತ್ತದೆ, ಸಮಾಂತರವಾಗಿ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಕಾರಣಸಹಿತ ಬರೆಯುವಂತೆ ಹೇಳಿ. ಬರೆದಾದ ಮೇಲೆಯೇ ತೆರೆಯ ಮೇಲೆ ಜೋಡಿಸಿ. ಊಹಿಸದೆ ನೋಡಿದ ಮಗು ತೋರಿಸಿದ್ದನ್ನು ಒಪ್ಪಿಕೊಂಡು ಸುಮ್ಮನಾಗುತ್ತದೆ. ಊಹೆ ತಪ್ಪಾದ ಮಗು ಏಕೆ ಎಂದು ಕೇಳುತ್ತದೆ. ಮರುದಿನ ಟಾರ್ಚ್ ಬಲ್ಬ್ ಮತ್ತು ಶುಷ್ಕಕೋಶಗಳಿಂದ ಅದನ್ನೇ ಕೈಯಾರೆ ಮಾಡಿಸಿ. ಅನುಕರಣೆಯ ಆದರ್ಶ ಬ್ಯಾಟರಿಯಲ್ಲಿ ಸಮಾಂತರ ಬಲ್ಬುಗಳ ಬೆಳಕು ಕಡಿಮೆಯಾಗುವುದಿಲ್ಲ, ನಿಜವಾದ ಕೋಶ ಹಳೆಯದಾಗಿದ್ದರೆ ಸ್ವಲ್ಪ ಮಂಕಾಗುತ್ತದೆ. ಈ ವ್ಯತ್ಯಾಸವನ್ನು ಮುಚ್ಚಿಡಬೇಡಿ. ಕೋಶದೊಳಗೂ ರೋಧವಿದೆ ಎಂಬ ಮಾತಿಗೆ ಮಕ್ಕಳು ತಾವಾಗಿ ಬಂದು ತಲುಪುವ ದಾರಿ ಅದು, ಅಂಥ ಪಾಠವನ್ನು ಮಾಡಿದ ಶಿಕ್ಷಕರು ಹೆಮ್ಮೆಪಡಬೇಕು.

ನೀವು ಕೇಳದ ಒಂದು ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕಾಗಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ವಿಡಿಯೊವನ್ನು ಮನೆಯಲ್ಲಿ ನೋಡಿ ಬನ್ನಿ ಎಂದು ಅನೇಕರು ಸಲೀಸಾಗಿ ಹೇಳಿಬಿಡುತ್ತೇವೆ. ಯಾರ ಫೋನಿನಲ್ಲಿ, ಯಾವ ಹೊತ್ತಿನಲ್ಲಿ? ಶಿಕ್ಷಣದ ಸ್ಥಿತಿಗತಿಯನ್ನು ಸಮೀಕ್ಷೆ ಮಾಡುವ ಅಸರ್ (ASER) ವರದಿಯು 2023ರಲ್ಲಿ ಗ್ರಾಮೀಣ ಭಾರತದ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ವಿಚಾರಿಸಿತು. ಸುಮಾರು ಶೇ. 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಬಳಸಲೂ ಬರುತ್ತಿತ್ತು. ಬಳಸಬಲ್ಲವರ ಪೈಕಿ ತಮ್ಮದೇ ಫೋನ್ ಹೊಂದಿದ್ದ ಹುಡುಗರು ಶೇ. 43.7, ಹುಡುಗಿಯರು ಶೇ. 19.8. ಮನೆಯಲ್ಲಿ ಫೋನ್ ಇದೆ ಎಂಬುದು ಅದು ಮಗಳ ಕೈಗೆ ಸಿಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಅಪ್ಪ ಕೆಲಸದಿಂದ ಬರುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿರುತ್ತಾಳೆ, ಮರುದಿನ ತರಗತಿಯಲ್ಲಿ ವಿಡಿಯೊ ನೋಡದವರ ಸಾಲಿನಲ್ಲಿ ಎದ್ದು ನಿಲ್ಲುತ್ತಾಳೆ. ಹೀಗಾಗಿ ಮನೆಯಲ್ಲಿ ನೋಡಲೇಬೇಕಾದ ವಿಡಿಯೊವನ್ನು ಪಾಠದ ಆಧಾರವಾಗಿ ಇಟ್ಟುಕೊಳ್ಳಬೇಡಿ. ಅದನ್ನು ಶಾಲೆಯ ಕಂಪ್ಯೂಟರ್‌ಗಳಿಗೆ ಇಳಿಸಿಡಿ, ಬೆಳಗಿನ ಪ್ರಾರ್ಥನೆಗೆ ಮುನ್ನ ಮತ್ತು ಮಧ್ಯಾಹ್ನದ ಊಟದ ನಂತರ ಕಂಪ್ಯೂಟರ್ ಕೊಠಡಿಯನ್ನು ತೆರೆದಿಡಿ, ಸರದಿಯ ಪಟ್ಟಿಯಲ್ಲಿ ಮನೆಯಲ್ಲಿ ಫೋನ್ ಸಿಗದವರ ಹೆಸರುಗಳನ್ನು ಮೊದಲು ಬರೆಯಿರಿ.