ಯಾವ ಆ್ಯಪ್ ಒಳ್ಳೇದು ಅಂತ ಕೇಳಬೇಡಿ, ಓಟಿಪಿ ಎಲ್ಲಿಗೆ ಬರುತ್ತದೆ ಅಂತ ಕೇಳಿ

ಡಿಸೆಂಬರ್ 20 ದಾಟಿದರೆ ನಮ್ಮ ಉಡುಪಿ ಕಡೆಯ ಬ್ಯಾಂಕುಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ದುಬೈ, ಕುವೈತ್, ಮಸ್ಕತ್‌ಗಳಿಂದ ಬಂದವರು, ಅಮೆರಿಕದಿಂದ ಮಕ್ಕಳನ್ನು ಕರೆದುಕೊಂಡು ಬಂದವರು, ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಹುಡುಗಿಯರು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಫೋಲ್ಡರ್. ಮೂರು ವಾರದ ರಜೆಯಲ್ಲಿ ಒಂದು ಮದುವೆ, ಒಂದು ಗೃಹಪ್ರವೇಶ, ಅಮ್ಮನ ಕಣ್ಣಿನ ಆಪರೇಷನ್. ಇದರ ನಡುವೆ ಬ್ಯಾಂಕಿಗೆ ಅಂತ ಇಟ್ಟುಕೊಂಡದ್ದು ಒಂದೇ ಒಂದು ಬೆಳಗ್ಗೆ. ಆ ಬೆಳಗ್ಗೆಯಲ್ಲಿ ಕೆಲಸ ಮುಗಿಯುವುದಿಲ್ಲ.

ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದವನು. ಅದರಲ್ಲಿ ಕೊನೆಯ 12 ವರ್ಷ ಎನ್‌ಆರ್‌ಐ ಕೌಂಟರಿನಲ್ಲೇ ಕಳೆದೆ. ನಿವೃತ್ತಿಯಾದ ಮೇಲೂ ಫೋನ್ ಬರುವುದು ನಿಂತಿಲ್ಲ. ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸಾರ್, ಹೊರಗೆ ಇರುವವರಿಗೆ ಯಾವ ಬ್ಯಾಂಕಿನ ಆ್ಯಪ್ ಒಳ್ಳೇದು?"

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಕೇಳಿದವರ ಮೇಲೆ ಸಿಟ್ಟಿಲ್ಲ. ಆದರೆ ಇದೇ ಪ್ರಶ್ನೆ ಕೇಳಿ, ಉತ್ತರ ತೆಗೆದುಕೊಂಡು, ಅಕೌಂಟ್ ತೆರೆದು ಹೋದವರು ಆರು ತಿಂಗಳ ನಂತರ ರಾತ್ರಿ ಎರಡು ಗಂಟೆಗೆ ಎದ್ದು ಕೂತು ನನಗೆ ಮೆಸೇಜ್ ಮಾಡಿದ್ದನ್ನು ನೋಡಿದ್ದೇನೆ. ಈಗ ಎಲ್ಲ ಬ್ಯಾಂಕುಗಳಿಗೂ ಆ್ಯಪ್ ಇದೆ. ಬ್ಯಾಲೆನ್ಸ್ ಎಲ್ಲದರಲ್ಲೂ ಕಾಣುತ್ತದೆ, ಎಫ್‌ಡಿ ಎಲ್ಲದರಲ್ಲೂ ಮಾಡಬಹುದು. ನೀವು ಸಿಕ್ಕಿಬೀಳುವುದು ಅಲ್ಲಿ ಅಲ್ಲ. ಬಟನ್ ಒತ್ತಿದ ಮೇಲೆ ಪರದೆಯ ಮೇಲೆ ಬರುತ್ತದಲ್ಲ, "ನಿಮ್ಮ ನೋಂದಾಯಿತ ಮೊಬೈಲ್ ಸಂಖ್ಯೆಗೆ ಓಟಿಪಿ ಕಳಿಸಲಾಗಿದೆ" ಅಂತ, ಅಲ್ಲಿ ಸಿಕ್ಕಿಬೀಳುತ್ತೀರಿ. ಆ ಸಂಖ್ಯೆ ಯಾವುದು? ಆ ಸಿಮ್ ಈಗ ಎಲ್ಲಿದೆ?

ಇಷ್ಟೇ ನಾನು ಹೇಳಬೇಕಾದದ್ದು. ಆದರೆ ಸುಲಭವಾಗಿ ತಲೆಗೆ ಹೋಗುವುದಿಲ್ಲ ಅಂತ ಅನುಭವದಿಂದ ಗೊತ್ತು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಂದಾಪುರದ ಹತ್ತಿರ ಒಂದು ಮನೆ. ಮಗ ಕುವೈತಿನಲ್ಲಿ ಇದ್ದ. ಹೋಗುವಾಗ ತನ್ನ ಸಿಮ್ ಅನ್ನು ಒಂದು ಸಣ್ಣ ಕೀಪ್ಯಾಡ್ ಫೋನಿಗೆ ಹಾಕಿ ಅಮ್ಮನ ಕೈಗೆ ಕೊಟ್ಟು ಹೋಗಿದ್ದ. ಮನೆಯೊಳಗೆ ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆಯ ಕಿಟಕಿ ಹತ್ತಿರ ಮಾತ್ರ. ಹಾಗಾಗಿ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕಿಟಕಿಯ ಮೊಳೆಗೆ ನೇತುಹಾಕಿರುತ್ತಿದ್ದರು. ಒಮ್ಮೆ ನಾನು ಅಲ್ಲಿದ್ದಾಗಲೇ ಮಗನ ವಾಟ್ಸಾಪ್ ಕರೆ ಬಂತು. ಅಮ್ಮ ಒಂದು ಕೈಯಲ್ಲಿ ದೊಡ್ಡ ಫೋನ್, ಇನ್ನೊಂದು ಕೈಯಲ್ಲಿ ಮೊಳೆಯಿಂದ ತೆಗೆದ ಸಣ್ಣ ಫೋನ್ ಹಿಡಿದು ಓದತೊಡಗಿದರು. "ಎಂಟು... ಆರು... ಇದು ಮೂರೋ ಎಂಟೋ ಮಗಾ, ತಡಿ ಕನ್ನಡಕ ಎಲ್ಲಿಟ್ಟೆ..." ಕನ್ನಡಕ ಸಿಗುವಷ್ಟರಲ್ಲಿ ಓಟಿಪಿಯ ಸಮಯ ಮುಗಿದಿತ್ತು. ಮತ್ತೆ ಕಳಿಸಿದ. ಮತ್ತೆ ಓದಿದರು. ಮೂರನೇ ಸಲಕ್ಕೆ ಸರಿಯಾಯಿತು. ಆ ತಾಯಿಯ ಮುಖದಲ್ಲಿ ಮಗನಿಗೆ ಏನೋ ದೊಡ್ಡ ಸಹಾಯ ಮಾಡಿದ ಸಂತೋಷ. ನಾನು ಏನೂ ಹೇಳಲು ಹೋಗಲಿಲ್ಲ.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಮಗ ಬಂದು ಕಾರ್ಯ ಮುಗಿಸಿ ಹೋದ. ಮನೆಗೆ ಬೀಗ ಬಿತ್ತು. ಆ ಫೋನ್ ಮೊಳೆಯಲ್ಲೇ ಉಳಿಯಿತು. ಚಾರ್ಜ್ ಮಾಡುವವರಿಲ್ಲ, ರೀಚಾರ್ಜ್ ಮಾಡುವವರೂ ಇಲ್ಲ. ನಾಲ್ಕು ತಿಂಗಳ ನಂತರ ತಂಗಿಯ ಕಾಲೇಜ್ ಫೀಸ್ ಕಟ್ಟಲು ಹೋದಾಗ ಅವನಿಗೆ ಅದು ನೆನಪಾಯಿತು. ಅಕೌಂಟಿನಲ್ಲಿ ಹಣ ಇತ್ತು. ಪಾಸ್‌ವರ್ಡ್ ಸರಿ ಇತ್ತು. ಆ್ಯಪ್ ಬಹಳ ಚೆನ್ನಾಗಿತ್ತು. ಹಣ ಮಾತ್ರ ಕದಲಲಿಲ್ಲ.

ಸಿಮ್ ವಿಷಯದಲ್ಲಿ ನಿಯಮ ಹೀಗಿದೆ. ಪ್ರಿಪೇಯ್ಡ್ ನಂಬರನ್ನು 90 ದಿನ ಯಾವ ರೀತಿಯಲ್ಲೂ ಬಳಸದೇ ಇದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಆ ಸಿಮ್ಮಿನ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ಇನ್ನೂ 30 ದಿನ ಉಳಿಸಿಕೊಳ್ಳುವ ವ್ಯವಸ್ಥೆಯನ್ನು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2013ರಲ್ಲೇ ಮಾಡಿದೆ. ನಂಬರ್ ಪೂರ್ತಿ ರದ್ದಾದ ಮೇಲೆ ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ. ಆಮೇಲೆ ಇನ್ನೊಬ್ಬರಿಗೆ ಕೊಡುತ್ತಾರೆ. 2023ರ ನವೆಂಬರಿನಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಳೆಯ ನಂಬರಿನಲ್ಲಿದ್ದ ತನ್ನ ಖಾಸಗಿ ವಿವರಗಳನ್ನು ಕಾಪಾಡಿಕೊಳ್ಳಬೇಕಾದವನು ಆ ಹಳೆಯ ಗ್ರಾಹಕನೇ ಅಂತ ಕೋರ್ಟ್ ಹೇಳಿತು. ಅಂದರೆ ನಂಬರ್ ಹೋಗಿದೆ ಅಂತ ಬ್ಯಾಂಕಿಗೆ ಹೇಳುವುದು ನಿಮ್ಮ ಕೆಲಸ. ಬ್ಯಾಂಕಿಗೆ ಅದು ತಾನಾಗಿ ಗೊತ್ತಾಗುತ್ತದೆ ಅಂತ ಕೂರಬೇಡಿ.

ನನ್ನ ಗ್ರಾಹಕರೊಬ್ಬರ ಹಳೆಯ ನಂಬರಿಗೆ ನಾನೇ ಫೋನ್ ಮಾಡಿ ನೋಡಿದ್ದೆ. ಹಾವೇರಿ ಕಡೆಯ ಒಬ್ಬ ಹುಡುಗ ಎತ್ತಿದ. "ಹೌದ್ರೀ, ಯಾರ್ದೋ ಬ್ಯಾಂಕಿನ ಮೆಸೇಜ್ ಬರ್ತಾವ್ರೀ, ನಾ ಡಿಲೀಟ್ ಮಾಡ್ತೀನ್ರೀ" ಅಂದ. ಪುಣ್ಯಕ್ಕೆ ಒಳ್ಳೆಯ ಹುಡುಗ.

ಹಾಗಾದರೆ ಬ್ಯಾಂಕಿಗೆ ಕೇಳಬೇಕಾದದ್ದು ಏನು? ಮೊದಲನೆಯದು, ನನ್ನ ವಿದೇಶದ ನಂಬರನ್ನೇ ನೋಂದಾಯಿತ ನಂಬರ್ ಮಾಡಿಕೊಳ್ಳುತ್ತೀರಾ ಅಂತ. ಎನ್‌ಆರ್‌ಐ ಖಾತೆಗಳಿಗೆ ಎಷ್ಟೋ ಬ್ಯಾಂಕುಗಳು ಈಗ "ಹೌದು" ಅನ್ನುತ್ತವೆ. ಆ "ಹೌದು" ಕೇಳಿ ಎದ್ದು ಬರಬೇಡಿ. ಯಾವ ಯಾವ ಕೆಲಸಕ್ಕೆ ಅಂತ ಕೇಳಿ. ಲಾಗಿನ್‌ಗೆ ವಿದೇಶದ ನಂಬರಿಗೆ ಓಟಿಪಿ ಬರುತ್ತದೆ, ಹೊಸಬರ ಹೆಸರು ಸೇರಿಸಿ ಹಣ ಕಳಿಸುವಾಗ ಬರುವುದಿಲ್ಲ, ಇಂಥದ್ದನ್ನು ನೋಡಿದ್ದೇನೆ. ಕೆಲವು ಬ್ಯಾಂಕುಗಳು ಇಮೇಲಿಗೂ ಓಟಿಪಿ ಕಳಿಸುತ್ತವೆ, ಕೆಲವು ಆ್ಯಪ್ ಒಳಗೇ ಒಪ್ಪಿಗೆ ಕೇಳುತ್ತವೆ. ಆದರೆ ಆ ಆ್ಯಪ್ ಅನ್ನು ಹೊಸ ಫೋನಿಗೆ ಹಾಕಿಕೊಳ್ಳುವಾಗ ಏನಾಗುತ್ತದೆ? ಬಹಳಷ್ಟು ಆ್ಯಪ್‌ಗಳು ಮೊದಲ ಸಲ ನಿಮ್ಮ ಫೋನಿನಿಂದ ಬ್ಯಾಂಕಿಗೆ ಒಂದು ಎಸ್ಸೆಮ್ಮೆಸ್ ಕಳಿಸಿ, ನೋಂದಾಯಿತ ಸಿಮ್ ಇದೇ ಫೋನಿನಲ್ಲಿದೆಯಾ ಅಂತ ನೋಡುತ್ತವೆ. ಭಾರತದ ನಂಬರ್ ಕೊಟ್ಟಿದ್ದರೆ ರೋಮಿಂಗ್‌ನಲ್ಲಿ ಆ ಎಸ್ಸೆಮ್ಮೆಸ್ ಹೋಗಬೇಕು, ಅದಕ್ಕೆ ಬ್ಯಾಲೆನ್ಸ್ ಬೇಕು. ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಕಳಿಸುವುದಕ್ಕೆ ಇದೆ. ಶಾರ್ಜಾದಲ್ಲಿ ಹೊಸ ಐಫೋನ್ ತೆಗೆದುಕೊಂಡ ಖುಷಿಯಲ್ಲಿ ಹಳೇ ಫೋನ್ ಮಾರಿ, ಬ್ಯಾಂಕಿನಿಂದ ಹೊರಗೆ ಬಿದ್ದವರು ಒಬ್ಬಿಬ್ಬರಲ್ಲ.

ಎರಡನೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ನನ್ನ ನಂಬರ್ ಹೋಯಿತು, ನಾನು ಭಾರತದಲ್ಲಿ ಇಲ್ಲ. ಈಗ ಹೊಸ ನಂಬರ್ ಸೇರಿಸುವುದು ಹೇಗೆ? ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಬ್ಯಾಂಕಿನ ಹಣೆಬರಹ ಗೊತ್ತಾಗುತ್ತದೆ. ನೆಟ್‌ಬ್ಯಾಂಕಿಂಗ್‌ನಲ್ಲಿ ಡೆಬಿಟ್ ಕಾರ್ಡ್ ವಿವರ ಕೊಟ್ಟು ಬದಲಿಸಬಹುದು ಅಂದರೆ ತುಂಬಾ ಒಳ್ಳೇದು. ಫಾರ್ಮ್ ತುಂಬಿ, ಪಾಸ್‌ಪೋರ್ಟ್ ಪ್ರತಿಗೆ ಅಲ್ಲಿನ ನಮ್ಮ ದೂತಾವಾಸದಿಂದಲೋ ನೋಟರಿಯಿಂದಲೋ ದೃಢೀಕರಣ ಮಾಡಿಸಿ ಕೊರಿಯರ್ ಮಾಡಿ ಅಂದರೆ ಕಷ್ಟ, ಆದರೂ ದಾರಿ ಇದೆ. "ನಮ್ಮ ಎಟಿಎಮ್ಮಿಗೆ ಬನ್ನಿ" ಅಥವಾ "ಮೂಲ ಶಾಖೆಗೇ ಬರಬೇಕು" ಅಂದರೆ, ಹೊರದೇಶದಲ್ಲಿ ಇರುವವರಿಗೆ ಆ ಬ್ಯಾಂಕ್ ಆಗುವುದಿಲ್ಲ. ಅದು ಎಷ್ಟೇ ಹಳೆಯದಾಗಿರಲಿ, ಮ್ಯಾನೇಜರ್ ಎಷ್ಟೇ ಪರಿಚಯ ಇರಲಿ.

ಈ ಮಾತು ನಮ್ಮ ಊರಿನವರಿಗೆ ಹೇಳುವುದು ಕಷ್ಟ. ಬ್ಯಾಂಕುಗಳು ಹುಟ್ಟಿದ ಮಣ್ಣು ಇದು. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರವು. ಕರ್ನಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ ಬ್ಯಾಂಕ್ 1931. ಪಿಗ್ಮಿ ಹಣ ಕಟ್ಟಿಯೇ ಮಗಳ ಮದುವೆ ಮಾಡಿದ ಮನೆಗಳು ನನಗೆ ಗೊತ್ತು. "ಅಪ್ಪನ ಕಾಲದಿಂದ ಇದೇ ಬ್ಯಾಂಕ್ ಸಾರ್" ಅನ್ನುವವರ ಪ್ರೀತಿ ದೊಡ್ಡದು, ನನಗೂ ಅದೇ ಪ್ರೀತಿ ಇದೆ. ಆದರೆ 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಚೆಕ್‌ಬುಕ್ ಬದಲಾಯಿತು, ಆ್ಯಪ್ ಬದಲಾಯಿತು. ಆಗ ಊರಲ್ಲಿದ್ದವರು ಶಾಖೆಗೆ ಹೋಗಿ ಸರಿ ಮಾಡಿಸಿಕೊಂಡರು. ಹೊರಗಿದ್ದವರಲ್ಲಿ ನಂಬರ್ ಜೀವಂತ ಇದ್ದವರು ಹೊಸ ಆ್ಯಪ್ ಹಾಕಿಕೊಂಡರು. ಇಲ್ಲದವರು ಮುಂದಿನ ರಜೆಗೆ ಕಾದರು.

ಇನ್ನೊಂದು ಗಂಟು ಇದೆ. ಹೊರಗೆ ಹೋಗಿ ಐದು ವರ್ಷ ಆದರೂ ಎಷ್ಟೋ ಜನ ಹಳೆಯ ಸಾಮಾನ್ಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡಿರುತ್ತಾರೆ. ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಊರಿನ ಆದಾಯಕ್ಕೆ ಇರುವ ಅನಿವಾಸಿ ಖಾತೆಯಾಗಿ ಬದಲಿಸಬೇಕು. "ಸುಮ್ನೆ ಯಾಕೆ ಸಾರ್, ಎನ್‌ಆರ್‌ಒ ಮಾಡಿದರೆ ಬಡ್ಡಿಗೆ 30 ಪರ್ಸೆಂಟ್ ಟಿಡಿಎಸ್ ಹಿಡೀತಾರೆ" ಅನ್ನುತ್ತಾರೆ. ಬಡ್ಡಿ ಕೊಡುವ ಮೊದಲೇ ಅಷ್ಟು ತೆರಿಗೆ ಹಿಡಿಯುವುದು ನಿಜ. ಸೆಸ್ ಸೇರಿ 31.2 ಆಗುತ್ತದೆ. ಆದರೆ ನೀವು ಇರುವ ದೇಶದ ಜೊತೆ ತೆರಿಗೆ ಒಪ್ಪಂದ ಇದ್ದರೆ ಅದು ಇಳಿಯಬಹುದು. ಯುಎಇ ಒಪ್ಪಂದದಲ್ಲಿ ಬಡ್ಡಿಗೆ ಮಿತಿ 12.5 ಪರ್ಸೆಂಟ್. ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು, ಇನ್ನೂ ಕೆಲವು ಕಾಗದ ಬೇಕು. ನಿಮ್ಮ ವಿಷಯದಲ್ಲಿ ಯಾವುದು ಅನ್ವಯ ಅಂತ ಒಬ್ಬ ಸಿಎ ಹತ್ತಿರ ಕೇಳಿ, ನನ್ನ ಮಾತೇ ಕೊನೆ ಅಂದುಕೊಳ್ಳಬೇಡಿ. ಹೊರಗೆ ದುಡಿದು ಕಳಿಸಿದ ಹಣ ಎನ್‌ಆರ್‌ಇ ಖಾತೆಯಲ್ಲಿದ್ದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ವಾಪಸ್ ತೆಗೆದುಕೊಂಡು ಹೋಗಬಹುದು. ಊರಿನ ಬಾಡಿಗೆ, ತೋಟದ ಹಣ ಎನ್‌ಆರ್‌ಒಗೆ. ಇದು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು: ಸಾಮಾನ್ಯ ಖಾತೆಗೆ ವಿದೇಶದ ನಂಬರ್ ಸೇರಿಸಲು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಅನಿವಾಸಿ ಅಂತ ಹೇಳದೇ ಇದ್ದರೆ ಊರಿನ ಸಿಮ್ಮಿಗೇ ಕಟ್ಟುಬಿದ್ದಿರುತ್ತೀರಿ. ಟಿಡಿಎಸ್ ಉಳಿಸಲು ಹೋಗಿ ಅಮ್ಮನ ಕಿಟಕಿಯ ಮೊಳೆಗೆ ಬಂದು ನಿಲ್ಲುವುದು ಹೀಗೆ.

ಯುಪಿಐ ಬಗ್ಗೆಯೂ ಅದೇ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಸುತ್ತೋಲೆ ಹೊರಡಿಸಿ, ಹತ್ತು ದೇಶಗಳ ಮೊಬೈಲ್ ನಂಬರಿನಿಂದಲೇ ಯುಪಿಐ ಬಳಸಲು ದಾರಿ ಮಾಡಿಕೊಟ್ಟಿತು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಹಾಂಗ್‌ಕಾಂಗ್, ಯುಎಇ, ಸೌದಿ, ಕತಾರ್, ಒಮಾನ್. ಈ ಅನುಕೂಲ ಇರುವುದು ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳಿಗೆ, ಅದೂ ಆ ವಿದೇಶಿ ನಂಬರ್ ಖಾತೆಗೆ ಜೋಡಣೆಯಾಗಿದ್ದರೆ. ಎಲ್ಲ ಬ್ಯಾಂಕುಗಳೂ ಇದನ್ನು ಒಂದೇ ಥರ ಕೊಡುತ್ತಿಲ್ಲ, ಕೇಳಿಯೇ ತಿಳಿಯಬೇಕು. ಕುವೈತ್ ಆ ಪಟ್ಟಿಯಲ್ಲಿ ಇರಲಿಲ್ಲ ಅಂತ ನಮ್ಮ ಕಡೆಯವರಿಗೆ ಬೇಸರ ಆಗಿತ್ತು, ಆಗಲೇಬೇಕು ಅಲ್ವಾ, ಎಷ್ಟು ಮನೆಗಳು ನಡೆಯುತ್ತಿವೆ ಅಲ್ಲಿಂದ.

ಓಟಿಪಿ ಓದಿ ಹೇಳುವ ಅಮ್ಮಂದಿರ ವಿಷಯಕ್ಕೆ ಇನ್ನೊಂದು ಸಲ ಬರುತ್ತೇನೆ. ಇದರಲ್ಲಿ ಅಪಾಯ ಇದೆ. ದಿನವೂ ಮಗನಿಗೆ ಓಟಿಪಿ ಓದಿ ಹೇಳುವ ಅಭ್ಯಾಸ ಇರುವ ತಾಯಿ, ಒಂದು ದಿನ "ಅಮ್ಮಾ, ನಿಮ್ಮ ಮಗನ ಬ್ಯಾಂಕಿನಿಂದ ಮಾತಾಡ್ತಿದ್ದೇವೆ" ಅಂತ ಫೋನ್ ಬಂದರೆ ಅವರಿಗೂ ಓದಿ ಹೇಳುತ್ತಾರೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟ ಇದೆ. ಗ್ರಾಹಕನೇ ಗುಟ್ಟಿನ ವಿವರ ಹಂಚಿಕೊಂಡು ಹಣ ಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಪೂರ್ತಿ ಗ್ರಾಹಕನದು. ಊರಿನ ಖರ್ಚು ಮನೆಯವರು ನೋಡಿಕೊಳ್ಳಬೇಕು ಅಂತಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಹತ್ತಿರದ ಸಂಬಂಧಿಯನ್ನು ಜಂಟಿಯಾಗಿ ಸೇರಿಸಬಹುದು, ಇಲ್ಲವೇ ಅಧಿಕಾರ ಪತ್ರ ಕೊಟ್ಟು ಸ್ಥಳೀಯ ಪಾವತಿ ಮಾಡುವ ಅನುಮತಿ ಕೊಡಬಹುದು. ಅಮ್ಮನ ಹೆಸರಲ್ಲೇ ಒಂದು ಸಣ್ಣ ಖಾತೆ ಮಾಡಿ ತಿಂಗಳಿಗೆ ಇಷ್ಟು ಅಂತ ಹಾಕಿದರೂ ಆಯಿತು, ಅವರ ಖರ್ಚು ಅವರೇ ಮಾಡಲಿ.

ಆಧಾರ್‌ಗೆ ಜೋಡಿಸಿದ ನಂಬರ್ ಬೇರೆ, ಬ್ಯಾಂಕಿನದು ಬೇರೆ. ಬ್ಯಾಂಕಿನಲ್ಲಿ ವಿದೇಶದ ನಂಬರ್ ಹಾಕಿದೆ, ಊರಿನ ಸಿಮ್ ಬಿಸಾಡುತ್ತೇನೆ ಅನ್ನಬೇಡಿ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ, ಇನ್ನೂ ಹತ್ತಾರು ಕಡೆ ಆಧಾರ್ ಓಟಿಪಿ ಕೇಳುತ್ತಾರೆ. ನನ್ನ ಸಲಹೆ: ಊರಿನ ಸಿಮ್ ನಿಮ್ಮ ಜೊತೆಗೇ ಇರಲಿ, ಎರಡನೇ ಸಿಮ್ ಆಗಿ ನಿಮ್ಮದೇ ಫೋನಿನಲ್ಲಿ. ಹೊರಡುವ ಮೊದಲು ರೋಮಿಂಗ್ ಚಾಲೂ ಮಾಡಿಸಿ. ವರ್ಷದ ರೀಚಾರ್ಜ್ ಮಾಡಿಸಿ, ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.

ಈ ರಜೆಯಲ್ಲಿ ಬಂದವರು ದಯವಿಟ್ಟು ಕೊನೆಯ ದಿನ ಬ್ಯಾಂಕಿಗೆ ಹೋಗಬೇಡಿ, ಮೊದಲ ವಾರದಲ್ಲೇ ಹೋಗಿ. ಪಾಸ್‌ಪೋರ್ಟ್, ವೀಸಾ ಅಥವಾ ಅಲ್ಲಿನ ವಾಸದ ಕಾರ್ಡು, ಹೊರದೇಶದ ವಿಳಾಸದ ದಾಖಲೆ, ಪ್ಯಾನ್, ಎರಡು ಫೋಟೋ. ಕೌಂಟರಿನಲ್ಲಿ ಇರುವವರಿಗೂ ಆ ವಾರ ಉಸಿರಾಡಲು ಪುರುಸೊತ್ತು ಇರುವುದಿಲ್ಲ, ಸ್ವಲ್ಪ ತಾಳ್ಮೆ ಇರಲಿ. ನಂಬರ್ ಬದಲಾಯಿತು ಅಂತ ಅವರು ಹೇಳಿದ ಮೇಲೆ ಅಲ್ಲೇ ಕೂತು ಒಂದು ಓಟಿಪಿ ತರಿಸಿ ನೋಡಿ. ವಾಪಸ್ ಹೋಗಿ ಸೇರಿದ ಮಾರನೇ ದಿನ ಅಲ್ಲಿಂದಲೇ ಹೊಸ ಒಬ್ಬರ ಹೆಸರು ಸೇರಿಸಿ ನೂರು ರೂಪಾಯಿ ಕಳಿಸಿ. ಹೋಗದಿದ್ದರೆ ಆವತ್ತೇ ಶಾಖೆಗೆ ಇಮೇಲ್ ಬರೆಯಿರಿ, ನಿಮ್ಮ ಫಾರ್ಮ್ ಇನ್ನೂ ಅವರ ಮೇಜಿನ ಮೇಲೇ ಇರುತ್ತದೆ.