ಹಪ್ಪಳದ ಹಂಗಾಮು, ವಾರದ ಕಂತು

ಶಿರಸಿ ಸುತ್ತಿನ ಹಳ್ಳಿಗಳಲ್ಲಿ ಒಬ್ಬಳೇ ಹೆಂಗಸಿನ ಹತ್ತಿರ ಎರಡು-ಮೂರು ಪಾಸ್‌ಪುಸ್ತಕ ಇರುವುದು ಹೊಸತಲ್ಲ. ‘ಸಂಘಕ್ಕೆ ಹೋಗಿ ಬತ್ತಿ’ ಎಂದರೆ ಯಾವ ಸಂಘ ಎಂದು ಮನೆಯವರೇ ಕೇಳಬೇಕು.

ಮೊದಲು ಇದ್ದದ್ದು ಮಹಿಳಾ ಮಂಡಳ: ಭಜನೆ, ಹೊಲಿಗೆ, ರಂಗೋಲಿ ಸ್ಪರ್ಧೆ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್, ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿಯಿತು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. 15ರಿಂದ 20 ಜನರ ಗುಂಪು ಕಟ್ಟುವ ಕೆಲಸ ಅಂಗನವಾಡಿ ಕಾರ್ಯಕರ್ತೆಯರ ಹೆಗಲೇರಿತು. 2011ರ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ನಮ್ಮಲ್ಲಿ ‘ಸಂಜೀವಿನಿ’ಯಾಯಿತು. ಇವೆಲ್ಲದರ ನಡುವೆ ಮೈಕ್ರೋಫೈನಾನ್ಸ್, ಅಂದರೆ ಕಿರುಸಾಲ ಕೊಡುವ ಕಂಪನಿಗಳು ಕೂಡ ಊರು ಹೊಕ್ಕವು.

ಗೋಜಲು ಇರುವುದು ಇಲ್ಲೇ. ಸ್ವಸಹಾಯ ಗುಂಪಿನಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಗುಂಪಿನ ಸ್ವಂತ ನಿಧಿಯಿಂದ ಕೊಟ್ಟ ಸಾಲದ ಬಡ್ಡಿ ತಿರುಗಿ ಆ ನಿಧಿಗೇ ಬರುತ್ತದೆ. ಮೈಕ್ರೋಫೈನಾನ್ಸ್‌ನಲ್ಲಿ ಗುಂಪು ಇರುವುದು ಜಾಮೀನಿಗೆ ಮಾತ್ರ. ಅಲ್ಲಿ ಉಳಿತಾಯವೂ ಇಲ್ಲ, ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕವೂ ಇಲ್ಲ. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕೆಂಬ ಒತ್ತಡ ಮಾತ್ರ ಇದೆ.

ಸಂಘದ ದುಡಿಮೆ ನಡೆಯುವುದು ಹಂಗಾಮಿನ ಮೇಲೆ. ಮಾರ್ಚ್‌ನಿಂದ ಮೇ ಹಲಸಿನ ಹಪ್ಪಳದ ಕಾಲ. ಕಾಯಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಸಿಹಿ ಹೊಕ್ಕ ಸೊಳೆಯ (ಹಲಸಿನ ತೊಳೆಯ) ಹಪ್ಪಳ ಎಣ್ಣೆಗೆ ಬಿದ್ದೊಡನೆ ಕೆಂಪಾಗಿ ಕಹಿಯಾಗುತ್ತದೆ. ಸೊಳೆಯನ್ನು ನೀರಿಗೆ ಹಾಕದೆ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ರುಬ್ಬಬೇಕು. ಕಿಲೋ ಸೊಳೆಗೆ 15 ಗ್ರಾಂ ಉಪ್ಪು ಸಾಕು. ಉಪ್ಪು ಹೆಚ್ಚಾದರೆ ರುಚಿ ಕೆಡುವುದಷ್ಟೇ ಅಲ್ಲ, ಆಷಾಢದ ತೇವ ಹೀರಿ ಹಪ್ಪಳ ಮೆತ್ತಗಾಗುತ್ತದೆ. ಮಿಕ್ಸಿ ತಿರುಗಲಿಲ್ಲವೆಂದು ನೀರು ಸುರಿದರೆ ಹಿಟ್ಟು ಹಾಳೆಗೆ ಅಂಟುತ್ತದೆ, ಒಣಗುವಾಗ ಅಂಚು ಸೀಳುತ್ತದೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಹರವಿ, ಮೇಲ್ಮೈ ಆರಿದ ಮೇಲೆ ಮಗುಚಬೇಕು. ಎರಡು-ಮೂರು ಖಡಕ್ ಬಿಸಿಲು ಬೇಕು. ನಡುವೆ ಒಂದು ಅಡ್ಡಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ.

ಜೂನ್ ಬಂತೆಂದರೆ ಒಣಗಿಸುವ ಕೆಲಸ ಬಂದ್. ಘಟ್ಟದ ಕೆಳಗೂ ಅದೇ ಕತೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಕಾರವಾರ, ಅಂಕೋಲೆಯ ಮೀನು ಮಾರುವ ಹೆಂಗಸರ ಬುಟ್ಟಿ ಹಗುರ. ಕಂತು ಮಾತ್ರ ಮಳೆ ನೋಡುವುದಿಲ್ಲ. 20,000 ರೂಪಾಯಿ ಸಾಲ, 50 ವಾರ, ಮೂಲ ಮೊತ್ತದ ಮೇಲೆಯೇ ಶೇ. 12 ಬಡ್ಡಿ ಎಂದುಕೊಳ್ಳಿ: ವಾರಕ್ಕೆ 448 ರೂಪಾಯಿ. ಮಳೆಗಾಲದ 13 ವಾರಕ್ಕೆ 5,824. ಅಸಲು ಇಳಿಯುತ್ತಾ ಹೋದರೂ ಬಡ್ಡಿ ಇಳಿಯದ ಕಾರಣ ನಿಜವಾದ ದರ ಹೇಳಿದ್ದರ ಸುಮಾರು ಇಮ್ಮಡಿ. ಕಂತು ತುಂಬಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದು ಇಂಥ ಜುಲೈಯಲ್ಲೇ. ಮೂರನೇ ಪಾಸ್‌ಪುಸ್ತಕ ಹುಟ್ಟುವ ಬಗೆ ಇದು.

2022ರಲ್ಲಿ ರಿಸರ್ವ್ ಬ್ಯಾಂಕ್, ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂದು ನಿಯಮಿಸಿತು. ಆದರೆ ಏಪ್ರಿಲ್‌ನ ಆದಾಯವೇ ಬೇರೆ, ಜುಲೈಯದೇ ಬೇರೆ. 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ವಸೂಲಿಯ ದಬ್ಬಾಳಿಕೆಯ ವಿರುದ್ಧ; ಕಂತಿನ ವೇಳಾಪಟ್ಟಿ ಅದರ ವಿಷಯವಲ್ಲ.

ಗುಂಪಿನ ಸ್ವಂತ ನಿಧಿಯ ಸಾಲಕ್ಕಾದರೆ ದಾರಿಯಿದೆ: ಏಪ್ರಿಲ್, ಮೇಯಲ್ಲಿ ದುಪ್ಪಟ್ಟು ಕಂತು, ಮಳೆಗಾಲದಲ್ಲಿ ಬಡ್ಡಿ ಮಾತ್ರ. ಅದಕ್ಕೆ ಸಾಲ ಕೊಡುವ ದಿನವೇ ಠರಾವು ಬರೆದು ಎಲ್ಲರ ಸಹಿ ಹಾಕಿಸಬೇಕು. ಬ್ಯಾಂಕಿನ ಸಾಲವಾದರೆ ಮಂಜೂರಾತಿಗೆ ಮೊದಲೇ ಶಾಖೆಯಲ್ಲಿ ಕೇಳಬೇಕು. ಕಂತು ತಪ್ಪಿದ ಮೇಲೆ ಕೇಳಿದರೆ ಖಾತೆ ಆಗಲೇ ಸುಸ್ತಿ (ಕಂತು ಬಾಕಿ) ಎಂದಾಗಿರುತ್ತದೆ, ಮುಂದಿನ ಸಾಲದ ಹೊತ್ತಿಗೆ ಅದೇ ಅಡ್ಡ ಬರುತ್ತದೆ.