ಹಳೆಯ ಟ್ರ್ಯಾಕ್ ಲೋಡರಿಗೆ ಯಾವ ಹೈಡ್ರಾಲಿಕ್ ಎಣ್ಣೆ?

ಚಕ್ರಗಳ ಬದಲು ರಬ್ಬರ್ ಟ್ರ್ಯಾಕುಗಳ, ಅಂದರೆ ಸುತ್ತುವ ಅಗಲ ಪಟ್ಟಿಗಳ, ಮೇಲೆ ಓಡಾಡುವ ಕಾಂಪ್ಯಾಕ್ಟ್ ಟ್ರ್ಯಾಕ್ ಲೋಡರ್ ಅಮೆರಿಕದ ಹೊಲಗಳಲ್ಲಿಯೂ ಕಟ್ಟಡ ಕಾಮಗಾರಿಗಳಲ್ಲಿಯೂ ದಿನನಿತ್ಯ ಕಾಣಸಿಗುವ ಯಂತ್ರ. ಇದರ ಎಂಜಿನ್ ಪಂಪುಗಳನ್ನು ತಿರುಗಿಸುತ್ತದೆ. ಪಂಪುಗಳು ಒತ್ತಿ ಕಳಿಸುವ ಎಣ್ಣೆಯೇ ಟ್ರ್ಯಾಕಿನ ಮೋಟಾರುಗಳನ್ನೂ ಬಕೆಟ್ ಎತ್ತುವ ಸಿಲಿಂಡರುಗಳನ್ನೂ ನಡೆಸುತ್ತದೆ. 200 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು, ಮೀರಿದ ಒತ್ತಡ ಇಲ್ಲಿ ಸಾಮಾನ್ಯ. ಶಕ್ತಿಯನ್ನು ಸಾಗಿಸುವುದರ ಜೊತೆಗೆ, ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಂದಿಯಲ್ಲಿ ಉಜ್ಜಾಡುವ ಲೋಹದ ಭಾಗಗಳನ್ನು ಸವೆಯದಂತೆ ಕಾಯುವುದೂ ಶಾಖವನ್ನು ಹೊರಗೊಯ್ಯುವುದೂ ಅದೇ ಎಣ್ಣೆಯ ಕೆಲಸ.

ಡಬ್ಬಿಯ ಮೇಲೆ ಕಾಣುವ 32, 46, 68 ಎಂಬ ಐಎಸ್‌ಒ ಅಂಕಿಗಳು ಗುಣಮಟ್ಟದ ದರ್ಜೆಗಳಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯದೆ ತಡೆಯುವ ಮಂದತನ, ಎಷ್ಟು ಸೆಂಟಿಸ್ಟೋಕ್ ಎಂಬುದನ್ನಷ್ಟೇ, ಶೇಕಡಾ 10ರಷ್ಟು ಹೆಚ್ಚುಕಡಿಮೆಯೊಂದಿಗೆ, ಅವು ತಿಳಿಸುತ್ತವೆ. ಆದರೆ ಯಂತ್ರ 40 ಡಿಗ್ರಿಯಲ್ಲೇ ನಿಂತು ಕೆಲಸ ಮಾಡುವುದಿಲ್ಲ. 46ರ ಸಾಧಾರಣ ಖನಿಜ ಎಣ್ಣೆ 60 ಡಿಗ್ರಿಯಲ್ಲಿ ಸುಮಾರು 20 ಸೆಂಟಿಸ್ಟೋಕ್‌ಗೂ, 80 ಡಿಗ್ರಿಯಲ್ಲಿ ಸುಮಾರು 11ಕ್ಕೂ ಇಳಿಯುತ್ತದೆ. ಸೊನ್ನೆ ಡಿಗ್ರಿಯಲ್ಲಿ ಐನೂರನ್ನು ದಾಟಿ ಕಾಕಂಬಿಯಂತೆ ಮಂದವಾಗುತ್ತದೆ. ಇಂಥ ಲೋಡರುಗಳಲ್ಲಿರುವ ಪಿಸ್ಟನ್ ಪಂಪುಗಳಿಗೆ ಹಿತವಾದದ್ದು ಸುಮಾರು 16ರಿಂದ 36 ಸೆಂಟಿಸ್ಟೋಕ್ ವರೆಗಿನ ವ್ಯಾಪ್ತಿ. 10ಕ್ಕಿಂತ ಕೆಳಗಿಳಿದರೆ ಲೋಹಗಳ ನಡುವಿನ ಎಣ್ಣೆಯ ಪದರ ಹರಿದುಹೋಗುವ ಅಪಾಯವಿದೆ. ಅತಿಯಾಗಿ ಮಂದವಾದರೆ ಪಂಪಿನ ಬಾಯಿಗೆ ಎಣ್ಣೆ ಸಕಾಲಕ್ಕೆ ತಲುಪದೆ ಗುಳ್ಳೆಗಳು ಹುಟ್ಟಿ, ಅವು ಒಡೆಯುವಾಗ ಲೋಹವನ್ನೇ ಕೊರೆಯುತ್ತವೆ.

ಹಾಗಾಗಿ ಮಿನ್ನೆಸೋಟದ ಚಳಿಗಾಲದಲ್ಲಿ ಹಿಮ ತಳ್ಳುವ ಲೋಡರಿಗೂ ಟೆಕ್ಸಸ್‌ನ ಬೇಸಿಗೆಯಲ್ಲಿ ಮಣ್ಣು ಅಗೆಯುವ ಲೋಡರಿಗೂ ಒಂದೇ ಎಣ್ಣೆ ಒಗ್ಗಬೇಕೆಂದಿಲ್ಲ. ಚಳಿ, ಬಿಸಿಲು ಎರಡನ್ನೂ ಕಾಣುವ ಯಂತ್ರಕ್ಕೆ ತಾಪಮಾನದೊಡನೆ ಕಡಿಮೆ ಬದಲಾಗುವ, ಎಚ್‌ವಿ ಎಂದು ಗುರುತಿಸಲಾಗುವ ಎಣ್ಣೆಗೆ ಹೆಚ್ಚು ಹಣ ಕೊಡುವುದು ನ್ಯಾಯವೇ. ಕಲಬುರಗಿ, ರಾಯಚೂರುಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ದಿನವಿಡೀ ದುಡಿಯುವ ಜೆಸಿಬಿಗಳ ವಿಷಯದಲ್ಲಿಯೂ, ತಯಾರಕರು ಒಪ್ಪುವುದಾದರೆ, 68ರ ಕಡೆಗೆ ವಾಲುವುದಕ್ಕೆ ಇದೇ ಕಾರಣ.

ಹಳೆಯ ಯಂತ್ರ ಕೊಂಡವರನ್ನು ಹೆಚ್ಚು ಗೊಂದಲಕ್ಕೆ ಕೆಡಹುವುದು ಎಂಜಿನ್ ಆಯಿಲ್. ಕೆಲವು ತಯಾರಕರು ಹೈಡ್ರಾಲಿಕ್ ಟ್ಯಾಂಕಿಗೂ 10ಡಬ್ಲ್ಯು-30ರಂಥ ಎಂಜಿನ್ ಆಯಿಲನ್ನೇ ಸೂಚಿಸಿರುವುದುಂಟು. ಅದೇನೂ ತಪ್ಪು ಮುದ್ರಣವಲ್ಲ. ಅದರಲ್ಲಿರುವ ಸತುವಿನ ಸಂಯುಕ್ತಗಳು ಸವೆತವನ್ನು ತಡೆಯುತ್ತವೆ. ಆದರೆ ಮಸಿಯನ್ನು ಎಣ್ಣೆಯಲ್ಲಿ ತೇಲಿಸಿ ಹಿಡಿದಿಡಲು ಸೇರಿಸಿದ ಅದರ ಡಿಟರ್ಜೆಂಟ್ ಅಂಶ ನೀರನ್ನೂ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಹೈಡ್ರಾಲಿಕ್ ಎಣ್ಣೆಯಲ್ಲಾದರೆ ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಬಹುಮಟ್ಟಿಗೆ ಈ ಬೆರೆತ ನೀರೇ ಕಾರಣ.

ಹಿಂದಿನ ಮಾಲೀಕರು ಏನು ಸುರಿದಿದ್ದರೆಂಬುದು ಹಲವು ಬಾರಿ ಗೊತ್ತೇ ಇರುವುದಿಲ್ಲ. ಸತುವಿರುವ ಎಣ್ಣೆಯೂ ಸತುವಿಲ್ಲದ ಎಣ್ಣೆಯೂ ಬೆರೆತಾಗ ಕೆಲವೊಮ್ಮೆ ಜಿಗುಟು ಪದಾರ್ಥ ಹುಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಬರಿದು ಮಾಡಿದರೂ ಸಿಲಿಂಡರ್, ಹೋಸ್, ಮೋಟಾರುಗಳಲ್ಲಿ ಹಳೆಯ ಎಣ್ಣೆ ಸಾಕಷ್ಟು ಉಳಿದಿರುತ್ತದೆ. ಆದ್ದರಿಂದ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಒಮ್ಮೆ ತುಂಬಿ, ಯಂತ್ರವನ್ನು ಬೆಚ್ಚಗಾಗುವವರೆಗೆ ನಡೆಸಿ, ಮತ್ತೆ ಬಸಿದು, ಹೊಸ ಫಿಲ್ಟರಿನೊಡನೆ ಎರಡನೆಯ ಸಲ ತುಂಬುವುದು ದುಬಾರಿಯಾದರೂ ಪಂಪಿನ ಬೆಲೆಯ ಮುಂದೆ ಅಲ್ಪವೇ. ಬ್ಯಾರೆಲ್‌ನಿಂದ ಬಂದ ಹೊಸ ಎಣ್ಣೆಯೂ ಈ ಪಂಪುಗಳಿಗೆ ಬೇಕಾದಷ್ಟು ಶುದ್ಧವಾಗಿರುತ್ತದೆಂದು ನಂಬುವಂತಿಲ್ಲ. ಬರಿಗಣ್ಣಿಗೆ ಕಾಣುವ ಅತಿ ಸಣ್ಣ ಕಣ ಸುಮಾರು 40 ಮೈಕ್ರಾನ್‌ನದು, ಪಂಪನ್ನು ಕೆಡಿಸುವವು ಅದಕ್ಕಿಂತ ಬಹಳ ಸಣ್ಣವು. ಹಾಗಾಗಿ ಫಿಲ್ಟರ್ ಮೂಲಕವೇ ತುಂಬಬೇಕು. ಸೋರುವ ಜಾಗವನ್ನು ಹುಡುಕಲು ಬರಿಗೈಯನ್ನು ಎಂದೂ ಬಳಸಬಾರದು, ರಟ್ಟಿನ ತುಂಡು ಹಿಡಿಯಬೇಕು. ಸೂಜಿಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು.

ಬಿಚ್ಚಿದ ಹಳೆಯ ಫಿಲ್ಟರನ್ನು ಎಸೆಯುವ ಮುನ್ನ ಕೊಯ್ದು ನೋಡಬೇಕು. ಮಡಿಕೆಗಳಲ್ಲಿ ಹಿತ್ತಾಳೆ ಬಣ್ಣದ ಚೂರುಗಳು ಮಿನುಗಿದರೆ ಪಂಪಿನ ಅಥವಾ ಮೋಟಾರಿನ ಕಂಚಿನ ಭಾಗಗಳು ಸವೆಯುತ್ತಿವೆ ಎಂದು ತಿಳಿಯಬಹುದು. ಆಗ ಎಣ್ಣೆಗೆ ಹಣ ಹಾಕುವ ಮೊದಲು ಅವುಗಳನ್ನು ಬಿಚ್ಚಿ ಪರೀಕ್ಷಿಸಬೇಕು.